ಬತ್ತುವ ಬಟ್ಟಲಿನ ರಾಗ

“ಗುರುಗಳೇ, ನನಗೆ ಸಾಕಾಗಿದೆ. ಸಭೆಯವರು ಹೇಳಿದಂತೆಲ್ಲ ನನ್ನ ಹಾಡನ್ನು ತಿದ್ದಿಕೊಂಡೆ. ಆದರೂ ಇಷ್ಟು ವರ್ಷಗಳಲ್ಲಿ ಅದು ಯಾರನ್ನೂ ತಲುಪಲಿಲ್ಲ. ಬಿಟ್ಟುಬಿಡಲೇ?” ಎಂದು ಶಿಷ್ಯೆ ಕೇಳಿದಳು.

ಗುರುಗಳಿಗೂ ಅಂದು ಮಾತು ಬೇಡವಾಗಿತ್ತು. ಇಂಥ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ಅವರೂ ದಣಿದಿದ್ದರು. ಗೋಡೆಗೆ ಒರಗಿ ಕುಳಿತು ಹೇಳತೊಡಗಿದರು.

ಬಿಸಿಲ ಸೀಮೆಯ ಒಬ್ಬ ಹೆಂಗಸು ಕಡಲು ದಾಟಿ ಚಳಿಯ ನಾಡಿಗೆ ಹೋದಳು. ಅಲ್ಲಿ ಪರರ ಮನೆಯ ಬಟ್ಟೆ ಒಗೆದು ಹೊಟ್ಟೆ ಹೊರೆದಳು. ಆದರೆ ಅವಳು ಹುಟ್ಟಾ ಸಂಗೀತ ಕಟ್ಟುವವಳು. ನೀರು ತುಂಬಿದ ಪಿಂಗಾಣಿ ಬಟ್ಟಲುಗಳು ಮತ್ತು ಒಂದು ಕಡ್ಡಿ, ಇಷ್ಟೇ ಅವಳ ವಾದ್ಯ. ಚಿಕ್ಕಂದಿನಲ್ಲಿ ಅವಳ ತಾಯಿ ಗುಬ್ಬಿಗಳಿಗೆಂದು ಅಂಗಳದಲ್ಲಿ ಬಟ್ಟಲು ಇಡುತ್ತಿದ್ದಳು. ಅದನ್ನು ತಟ್ಟಿದರೆ ಬೆಳಗ್ಗೆ ಒಂದು ಸ್ವರ. ಬಿಸಿಲಿಗೆ ನೀರು ಬತ್ತಿದಂತೆ ಸ್ವರ ಏರುತ್ತಿತ್ತು. ಆ ಏರಿಕೆಯನ್ನೇ ಅವಳು ರಾಗವಾಗಿ ಕಟ್ಟಿದ್ದಳು. ಕೊನೆಯ ಬಟ್ಟಲು ಒಣಗಿದಾಗ ಅದು ಮುಗಿಯಬೇಕು. ಸಾಯುವ ಮೊದಲು ಒಮ್ಮೆಯಾದರೂ ಅದನ್ನು ಕೊನೆಯವರೆಗೆ ಬಾರಿಸಬೇಕು ಎಂಬುದೊಂದೇ ಅವಳ ಆಸೆ.

ಒಬ್ಬ ವರ್ತಕ ತನ್ನ ಸಭಾಂಗಣ ಕೊಟ್ಟ. ಒಳ್ಳೆಯವನೇ. ಆದರೆ ಅತಿಥಿಗಳ ಮುಂದೆ ಬಟ್ಟಲು ಬರಿದಾಗುವುದು ಆ ಊರಿನಲ್ಲಿ ದೊಡ್ಡ ಅವಮಾನ. ನೀರು ಕೂದಲೆಳೆಯಷ್ಟು ಇಳಿಯಿತೋ ಇಲ್ಲವೋ, ಆಳುಗಳು ಓಡಿ ಬಂದು ತುಂಬುತ್ತಿದ್ದರು. ಸ್ವರ ಇದ್ದಲ್ಲೇ ಇರುತ್ತಿತ್ತು.

“ದಮ್ಮಯ್ಯ, ತುಂಬಬೇಡಿ” ಎಂದಳು.

“ಅದೆಂಥ ಮಾತು ತಾಯಿ! ನಿಮ್ಮ ಮರ್ಯಾದೆ ನಮ್ಮ ಮರ್ಯಾದೆಯಲ್ಲವೇ?” ಎಂದ ವರ್ತಕ.

ಹೇಳಿ ಹೇಳಿ ಅವಳಿಗೆ ಸಾಕಾಯಿತು. ಕೊನೆಗೆ ತಾನೇ ಮಗ್ಗುಲಲ್ಲಿ ತಂಬಿಗೆ ಇಟ್ಟುಕೊಂಡಳು. ಒಂದು ಕೈಯಲ್ಲಿ ಬಾರಿಸುವುದು, ಇನ್ನೊಂದು ಕೈಯಲ್ಲಿ ನೀರು ಹೊಯ್ಯುವುದು. ಜನ ಮೆಚ್ಚಿದರು, ಹೆಸರೂ ಬಂತು. ತೋಳು ಮಾತ್ರ ಎತ್ತಲಾರದಷ್ಟು ನೋಯುತ್ತಿತ್ತು. ಹಾಗೆಯೇ ಮುದುಕಿಯಾದಳು.

ಒಂದು ಸಲ ಅವಳು ತಂಬಿಗೆ ತರಲಿಲ್ಲ. ಆಳುಗಳು ಬಂದರೆ ಬಟ್ಟಲುಗಳಿಗೆ ಕೈ ಅಡ್ಡ ಹಿಡಿದಳು. ಚಳಿಯ ನಾಡಿನಲ್ಲಿ ನೀರು ಬೇಗ ಬತ್ತುತ್ತದೆಯೇ? ಜನ ಆಕಳಿಸಿದರು, ಒಬ್ಬೊಬ್ಬರಾಗಿ ಎದ್ದು ಹೋದರು. ವರ್ತಕ ಮುಖ ಗಂಟಿಕ್ಕಿಕೊಂಡು ತಾನೂ ಹೋದ. ಅವಳು ದಿನಗಟ್ಟಲೆ ಅಲ್ಲೇ ಕುಳಿತು ಬಾರಿಸಿದಳು. ಕೊನೆಯ ಬಟ್ಟಲು ಒಣಗಿದಾಗ ಸಭಾಂಗಣದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ತಟ್ಟಿದಳು. ತಾಯಿಯ ಅಂಗಳದ ಸ್ವರವೇ ಬಂತು. ಅವಳಿಗೆ ಅಳು ತಡೆಯಲಾಗಲಿಲ್ಲ. ಆಮೇಲೆ ಮನೆಗೆ ಹೋಗಿ ಮಲಗಿದಳು. ಅಂದು ತೋಳು ನೋಯಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯೆಗೆ ಸಿಟ್ಟೇ ಬಂತು. “ಯಾರೂ ಕೇಳಲೇ ಇಲ್ಲವಲ್ಲ, ಗುರುಗಳೇ! ಜೀವಮಾನವಿಡೀ ಅಷ್ಟು ದಣಿದು ಅವಳಿಗೆ ಸಿಕ್ಕಿದ್ದೇನು?”

ಗುರುಗಳು ಕಣ್ಣು ಮುಚ್ಚಿಕೊಂಡೇ ಹೇಳಿದರು: “ಅವಳು ದಣಿದದ್ದು ಬಾರಿಸಿ ಅಲ್ಲಮ್ಮ, ನೀರು ಹೊಯ್ದು. ನೀನೂ ಅಷ್ಟೇ.”