ಬೆಕ್ಕನ್ನು ಎಬ್ಬಿಸಿದ ರೇಡಿಯೊ

"ಅಂಗಡಿಯಲ್ಲಿ ಜಾಗವಿಲ್ಲ. ನಿಮ್ಮಲ್ಲೊಬ್ಬರು ಸಂಜೆ ಗುಜರಿ ಗಾಡಿ ಹತ್ತಬೇಕು, ಯಾರೆಂದು ನೀವೇ ತೀರ್ಮಾನಿಸಿ" ಎಂದು ಹಾರ್ನ್ ಸ್ಪೀಕರ್, ಟೀವಿ, ರೇಡಿಯೊ ಮೂವರಿಗೂ ಹೇಳಿ ರಿಪೇರಿ ದಸ್ತಗೀರ್ ಸಾಹೇಬರು ಊಟಕ್ಕೆ ಹೋದರು. ಗಂಟಲು ಕಟ್ಟಿದ ಮುದಿ ರೇಡಿಯೊ ತನ್ನ ಏರಿಯಲ್ ಕಡ್ಡಿಯನ್ನು ಒಳಗೆಳೆದುಕೊಂಡಿತು.

"ಕಡಿಮೆ ಸದ್ದಿನವನು ಹೋಗಲಿ!" ಎಂದು ಹಾರ್ನ್ ಸ್ಪೀಕರ್ ಗುಡುಗಿತು. "ಅಳೆಯುವುದಕ್ಕೆ ಮಲಗಿರುವ ಬೆಕ್ಕಣ್ಣನಿದ್ದಾನೆ. ಒಂದು ಕಣ್ಣು ಬಿಟ್ಟರೆ ಅರ್ಧ ಸದ್ದು, ಎರಡು ಬಿಟ್ಟರೆ ಪೂರ್ತಿ, ಎಗರಿಬಿದ್ದರೆ ಗೆದ್ದ ಹಾಗೆ!"

ಹಾರ್ನ್ ಕೂಗಿತು ನೋಡಿ, ಸುತ್ತೂರಿನ ತೆಂಗಿನಕಾಯಿಗಳೆಲ್ಲ ತಾವಾಗಿ ಉದುರಿದವು. ಬೆಕ್ಕು ಬರೀ ಮಗ್ಗುಲು ಬದಲಿಸಿತು. ಆ ಕೂಗು ಮುಗಿಯುವ ಮೊದಲೇ ಟೀವಿ ಅರಚಿತು. ಕೆರೆಯ ಕಪ್ಪೆಗಳು ಸಂಸಾರ ಸಮೇತ ಊರು ಬಿಟ್ಟವು. ಬೆಕ್ಕು ಒಂದು ಕಣ್ಣು ಬಿಟ್ಟು ಮತ್ತೆ ಮುಚ್ಚಿತು. ಛಲಕ್ಕೆ ಬಿದ್ದು ಎರಡೂ ಒಟ್ಟಿಗೆ ಬೊಬ್ಬೆಯಿಟ್ಟವು.

ರೇಡಿಯೊ ತನ್ನ ಏರಿಯಲ್ ಕಡ್ಡಿಯಿಂದ ಇಬ್ಬರನ್ನೂ ತಿವಿದು, "ಅಣ್ಣಂದಿರಾ, ಈಗ ನನ್ನ ಸರದಿ. ಸ್ವಲ್ಪ ಬಾಯಿ ಮುಚ್ಚುತ್ತೀರಾ?" ಎಂದಿತು.

ಇಬ್ಬರೂ ಗಪ್‌ಚಿಪ್ ಆದರು. ರೇಡಿಯೊ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಬೆಕ್ಕು ಮಾರುದ್ದ ಎಗರಿ ಸೂರಿನ ತೊಲೆಗೆ ಜೋತುಬಿದ್ದಿತು.

"ಅಯ್ಯಯ್ಯೋ, ಏನಾಯ್ತು? ಎಲ್ಲ ಸತ್ತುಹೋದರೇನು?" ಎಂದು ಅಲ್ಲಿಂದಲೇ ಕಿರುಚಿತು.

"ಮೋಸ! ಈ ಮುದುಕ ಪಿಟ್ಟೆನ್ನಲೇ ಇಲ್ಲ!" ಎಂದು ಹಾರ್ನ್ ಹೆಂಚು ಹಾರುವಂತೆ ಕೂಗಿತು.

"ಅಬ್ಬ, ಬದುಕಿದ್ದೀರಾ!" ಎಂದ ಬೆಕ್ಕು ನೆಮ್ಮದಿಯಿಂದ ಕೆಳಗಿಳಿದು, ರೇಡಿಯೊದ ನೆತ್ತಿಯ ಮೇಲೆ ಸುತ್ತಿಕೊಂಡು ಮಲಗಿತು.

ಸಂಜೆ, ಬೆಕ್ಕಿನ ಒಂದು ಕಣ್ಣನ್ನೂ ತೆರೆಸಲಾಗದ ಹಾರ್ನ್ "ಮೋಸ! ಮೋಸ!" ಎಂದು ಕೂಗುತ್ತ ಗುಜರಿ ಗಾಡಿ ಹತ್ತಿತು. ಬೆಕ್ಕು ಗೊರಕೆ ಹೊಡೆಯುತ್ತಿತ್ತು.