ಹಿಂದಕ್ಕೆ ದಾಟಿದ ಹೊಳೆ

ಲೋಕ ಆಗಷ್ಟೇ ಹುಟ್ಟಿ, ಅದರ ಬಿಸಿ ಇನ್ನೂ ಆರದಿದ್ದ ಕಾಲ. ಆಗ ಕಲ್ಲುಗಳು ಹಬೆಯಾಡುವ ರಾಗಿಮುದ್ದೆಯ ಹಾಗೆ ಮೆತ್ತಗಿದ್ದವು. ಮಾತಾಡುತ್ತಿದ್ದವು, ನಡೆಯುತ್ತಿದ್ದವು, ನಡೆದು ನಡೆದು ಸುಸ್ತಾದರೆ ಮಲಗುತ್ತಲೂ ಇದ್ದವು.

ಒಂದು ಬೆಳಗ್ಗೆ ಸೂರ್ಯ ಸಾರಿದ: "ಇವತ್ತು ನಾನು ಮುಳುಗುವಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ಜಾಗ ಸೇರಿಕೊಳ್ಳಿ. ಆಮೇಲೆ ಯಾರು ಎಲ್ಲಿದ್ದರೆ ಅಲ್ಲೇ. ಕಲ್ಲುಗಳೆಲ್ಲ ಬೆಳೆದು ಬೆಟ್ಟವಾಗೋದಕ್ಕೆ ಇರೋದು ಈ ಒಂದೇ ರಾತ್ರಿ."

ಕೆಂಪು ಬಯಲಿನಿಂದ ಕಲ್ಲಿನ ಸಂಸಾರವೊಂದು ಹೊರಟಿತು. ಮುಂದೆ ಅಜ್ಜಿಬಂಡೆ, ಅವಳ ಹಿಂದೆ ಅವ್ವ, ಕೊನೆಗೆ ಮಗಳು ಕೆಂಚಿ. ಕೆಂಚಿಯ ಕೈ ಹಿಡಿದು ಪುಟ್ಟ ತಮ್ಮ ಬೋರ.

ನಡೆದರು, ನಡೆದರು. ಇಳಿಹೊತ್ತಿಗೆ ಬೋರ ದಾರಿಯಲ್ಲೇ ಉದ್ದಕ್ಕೆ ಮಲಗಿಬಿಟ್ಟ. "ಕಾಲು ನೋಯ್ತದೆ. ನಾ ಬರಲ್ಲ."

"ಚೂರು ಮಲಗಲಿ. ನಾವು ಮುಂದೆ ಹೋಗಿ ಜಾಗ ನೋಡ್ತೀವಿ," ಎಂದಳು ಅವ್ವ. "ಕೆಂಚಿ, ತಮ್ಮನ ಮೇಲೆ ಕಣ್ಣಿಟ್ಟಿರು. ಯಾರೂ ಅವನ್ನ ದಾಟಬಾರದು, ನೋಡು."

ಮಲಗಿದ ಮಗುವನ್ನು ದಾಟಿದರೆ ಮಗು ಬೆಳೆಯುವುದಿಲ್ಲ. ಅದು ಕಲ್ಲುಗಳಿಗೂ ಗೊತ್ತಿತ್ತು.

ಕೆಂಚಿ ಕಣ್ಣಿಟ್ಟೇ ಇದ್ದಳು. ಆದರೆ ಓತಿಕ್ಯಾತವೊಂದು ಬಂದು ಅವಳ ಮುಂದೆ ತಲೆ ಕುಣಿಸಿತು. ಅವಳೂ ಕುಣಿಸಿದಳು. ಅದು ಓಡಿತು. ಅವಳೂ ಓಡಿದಳು. ಹಿಂದೆ ಸದ್ದಾಯಿತೆಂದು ತಿರುಗುವಷ್ಟರಲ್ಲಿ, ಅವತ್ತೇ ಹುಟ್ಟಿದ ಹೊಳೆ ದಡಬಡ ಓಡಿಬಂದು, ಬೋರನ ಮೊಣಕಾಲಿನ ಮೇಲೆ ಹಾರಿ ದಾಟಿಯೇಬಿಟ್ಟಳು.

"ಹೊಳೆಯಕ್ಕಾ! ನನ್ನ ತಮ್ಮನ್ನ ದಾಟಿಬಿಟ್ಟೆಯಲ್ಲ!"

"ಮಲಗೋಕೆ ಅವನಿಗೆ ನನ್ನ ದಾರೀನೇ ಬೇಕಿತ್ತಾ?" ಹೊಳೆ ನಿಲ್ಲಲಿಲ್ಲ.

"ಹಿಂದಕ್ಕೆ ದಾಟು ಅಕ್ಕಾ! ಹಿಂದಕ್ಕೆ ದಾಟಿದ್ರೆ ಸರಿಹೋಗ್ತದೆ."

"ಹೊತ್ತು ನೋಡಿದ್ಯಾ? ಸಮುದ್ರ ಸೇರೋಕೆ ಮುಂಚೆ ಕತ್ತಲಾದ್ರೆ ನಾನು ಇಲ್ಲೇ ನಿಂತು ಕೆಸರಾಗ್ತೀನಿ. ನಿನ್ನ ತಮ್ಮ ಬೆಟ್ಟವಾದ್ರೆಷ್ಟು, ಗುಂಡುಕಲ್ಲಾದ್ರೆಷ್ಟು!"

ಸೂರ್ಯ ಬಯಲಿನ ಅಂಚಿಗೆ ಇಳಿದಿದ್ದ. ದೂರದಿಂದ ಅವ್ವನ ಕೂಗು ಬಂತು. "ಕೆಂಚೀ! ತಮ್ಮನ್ನ ಎಬ್ಬಿಸ್ಕೊಂಡು ಬಾರೇ!"

ಕೆಂಚಿ ಓಡಿದಳು. ಹೊಳೆಗಿಂತ ಜೋರಾಗಿ ಓಡಿ, ಹೊಳೆಯನ್ನು ಹಿಂದೆ ಹಾಕಿ, ಅವಳ ದಾರಿಗೆ ಅಡ್ಡಲಾಗಿ ಮಲಗಿಬಿಟ್ಟಳು.

"ಏಳೇ ಮೇಲೆ!"

"ಏಳಲ್ಲ. ನನ್ನನ್ನೂ ದಾಟ್ಕೊಂಡು ಹೋಗು. ಎರಡು ಮಕ್ಕಳನ್ನ ಕುಳ್ಳು ಮಾಡಿ ಬಂದೆ ಅಂತ ಸಮುದ್ರಕ್ಕೆ ಹೇಳು, ಖುಷಿಯಾಗ್ತದೆ."

"ಎಂಥ ಹಟಮಾರಿಯೇ ನೀನು! ಹಿಂಗೇ ಬಿದ್ಕೊಂಡಿದ್ರೆ ಸೂರ್ಯ ಮುಳುಗ್ತಾನೆ. ಆಮೇಲೆ ಎದ್ದು ನಿಲ್ಲೋಕೇ ಆಗಲ್ಲ, ಗೊತ್ತಾ?"

"ಗೊತ್ತು," ಎಂದಳು ಕೆಂಚಿ. ಅವಳ ಬೆನ್ನು ಆಗಲೇ ಗಟ್ಟಿಯಾಗತೊಡಗಿತ್ತು.

ಹೊಳೆ ಅವಳ ಪಕ್ಕೆಗೆ ಬಡಿದು, ನೊರೆಯೆದ್ದು, ಗಿರಗಿರ ಸುತ್ತಿದಳು. ಮುಂದೆ ನೋಡಿದಳು, ಸಮುದ್ರ. ಕೆಳಗೆ ನೋಡಿದಳು, ಮಗು. ಬೈದುಕೊಳ್ಳುತ್ತಲೇ ಕೆಂಚಿಯ ಮೈಗುಂಟ ತಿರುಗಿ ವಾಪಸು ಹರಿದಳು. ಬೋರನ ಎದೆಯ ಮೇಲೆ, ನಿದ್ದೆ ಕೆಡದ ಹಾಗೆ, ಹಿಂದಕ್ಕೆ ದಾಟಿದಳು. ಅವನ ತಲೆಯನ್ನು ಬಳಸಿಕೊಂಡು, ಕೆನ್ನೆ ತಟ್ಟಿ ಎಬ್ಬಿಸಿ ನಿಲ್ಲಿಸಿ, ಮತ್ತೆ ಸಮುದ್ರದ ಕಡೆಗೆ ಓಟ ಕಿತ್ತಳು.

ಸೂರ್ಯ ಮುಳುಗಿದ.

ಸಮುದ್ರ ಇನ್ನೂ ದೂರವಿತ್ತು. ಹೊಳೆ ತಟ್ಟನೆ ಮರಳಿನೊಳಕ್ಕೆ ನುಸುಳಿದಳು. ಅಲ್ಲಿ ಯಾರು ನಡೆದರೂ ಸೂರ್ಯನಿಗೆ ಕಾಣುವುದಿಲ್ಲ.

ಕತ್ತಲಲ್ಲಿ ಅವ್ವನ ದನಿ ಕೇಳಿತು. "ಕೆಂಚೀ, ಎಲ್ಲಿದ್ದೀಯೇ?"

"ಇಲ್ಲೇ ಇದ್ದೀನವ್ವಾ. ಮಲಗಿದ್ದೀನಿ."

"ತಮ್ಮ?"

ಕೆಂಚಿ ಕತ್ತಲಿಗೆ ಕಿವಿಗೊಟ್ಟಳು. ಹಿಂದೆ ಬೋರನಿದ್ದ ಕಡೆ ಏನೋ ಕಟಕಟ ಅನ್ನುತ್ತಾ ಮೇಲಕ್ಕೆ, ಮೇಲಕ್ಕೆ ಏಳುತ್ತಿತ್ತು.

"ಬೆಳೀತಿದ್ದಾನೆ ಕಣವ್ವಾ!"

ಅದಕ್ಕೇ ಮಕ್ಕಳೇ, ಕೆಂಪು ಕಮರಿಗಳಲ್ಲಿ ಹೊಳೆ ಇವತ್ತಿಗೂ ಮುಂದೆ ಹೋದಂತೆ ಹೋಗಿ, ಹಿಂದಕ್ಕೆ ತಿರುಗಿ, ಎತ್ತರದ ಬಂಡೆಗಳ ನಡುವೆ ಬಳಸಿ ಹರಿದು ಮರಳಿನಲ್ಲಿ ಮಾಯವಾಗುತ್ತದೆ; ಆ ತಿರುವಿನಲ್ಲಿ ಎದ್ದು ನಿಲ್ಲದೆ ಉದ್ದಕ್ಕೆ ಮಲಗಿರುವ ಬಂಡೆಯೊಂದು ಕಂಡರೆ, ಅದನ್ನು ದಾಟಬೇಡಿ, ಸುತ್ತಿಕೊಂಡು ಹೋಗಿ.