ಎಲೆಗೆ ಸುದ್ದಿ ಮುಟ್ಟಲು ಎಂಟು ದಿನ

"ಗುರುಗಳೇ, ನಾನು ಇಷ್ಟು ಹೇಳಿಕೊಟ್ಟರೂ ಈ ಜನ ಯಾಕೆ ಕಲಿಯುವುದಿಲ್ಲ?"

ಇದು ನಾನು ಕೇಳಿದ ಪ್ರಶ್ನೆ. ಇದಕ್ಕೆ ಗುರುಗಳು ಹೇಳಿದ ಕತೆಯನ್ನು ನೀವು ನಂಬುವುದಿಲ್ಲ. ಬೇಕಾದರೆ ಪಣ ಕಟ್ಟುತ್ತೇನೆ. ನಂಬದವರು ಈಗಲೇ ಎದ್ದು ಹೋಗಬಹುದು. ಕುಳಿತವರು ಮಾತ್ರ ಕೊನೆತನಕ ಕೇಳಬೇಕು.

ಆಗ ನನಗೆ ಇಪ್ಪತ್ತೆರಡು. ಮಠದಲ್ಲಿ ನನ್ನಷ್ಟು ಬೇಗ ಬಾಯಿಪಾಠ ಮಾಡಿದವರಿರಲಿಲ್ಲ. ನನ್ನಷ್ಟು ದೊಡ್ಡ ಗಂಟಲೂ ಯಾರಿಗೂ ಇರಲಿಲ್ಲ. ಕುರಿ ಕಾಯ್ದು ಬೆಳೆದ ಗಂಟಲು ಅದು; ಈ ಗುಡ್ಡದಲ್ಲಿ ಕೂಗಿದರೆ ಆ ಗುಡ್ಡದ ಕುರಿ ತಿರುಗಿ ನೋಡುತ್ತಿತ್ತು. ಗುರುಗಳು ನನ್ನನ್ನು ಪಕ್ಕದ ಹಳ್ಳಿಗೆ ಕಳಿಸಿ, ನಾಲ್ಕು ಒಳ್ಳೆಯ ಮಾತು ಹೇಳಿ ಬಾ ಎಂದಿದ್ದರು. ನಾನು ನಾಲ್ಕಕ್ಕೆ ನಿಲ್ಲುವವನೇ? ಬೆಳಿಗ್ಗೆ ಕಟ್ಟೆಯ ಮೇಲೆ ಹೇಳಿದೆ. ಮಧ್ಯಾಹ್ನ ಹೊಲಗಳಿಗೆ ಹೋಗಿ ಹೇಳಿದೆ. ಸಂಜೆ ಉಣ್ಣುವವರ ಎದುರು ಕುಳಿತು ಹೇಳಿದೆ. ಮೊದಲ ವಾರ ಊರೆಲ್ಲ ತಲೆದೂಗಿತು. ತಿಂಗಳಾಗುವಷ್ಟರಲ್ಲಿ ನನ್ನನ್ನು ಕಂಡು ಬಾಗಿಲು ಹಾಕತೊಡಗಿದರು. ಒಬ್ಬ ಮುದುಕಿಯಂತೂ, "ಬಂದ್ನಪ್ಪಾ, ಕಿವಿಗೆ ಅರಳೆ ಇಟ್ಕೊಳ್ರಿ!" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು.

ಅದಕ್ಕೇ ಆ ಪ್ರಶ್ನೆ. ಮೂರು ಹೊತ್ತು ಹೇಳಿದ್ದು ಅವರಿಗೆ ಸಾಲದು, ಐದು ಹೊತ್ತು ಹೇಳುತ್ತೇನೆ, ಅಪ್ಪಣೆ ಕೊಡಿ ಎಂದೂ ಸೇರಿಸಿದೆ.

ಗುರುಗಳು, "ಕುಳಿತುಕೋ ದ್ಯಾವಪ್ಪ" ಎಂದರು. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಗೊಬ್ಬರ ಹಾಕುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಬೇರೆಯವರು ಒಂದು ಬಂಡಿ ಹಾಕುವಲ್ಲಿ ಅವನು ಮೂರು ಬಂಡಿ ಹಾಕುತ್ತಿದ್ದ. ಕುರಿಗಾರರು ಊರಿಗೆ ಬಂದರೆ ಮೊದಲು ಅವನ ಹೊಲದಲ್ಲೇ ರಾತ್ರಿ ಕುರಿ ತರುಬಿ ಗೊಬ್ಬರ ಬೀಳಿಸಬೇಕು. ಅವನ ಜೋಳದ ಹೊಲದೊಳಗೆ ಆನೆ ನಿಂತರೂ ಕಾಣುತ್ತಿರಲಿಲ್ಲ.

ಅವನ ಹೆಂಡತಿ ಕಾಯಿಲೆ ಬಿದ್ದಳು. ಜ್ವರ ಬಂದು ಹೋಯಿತು. ಆಮೇಲೆ ಉಂಡದ್ದು ಒಳಗೆ ನಿಲ್ಲದಾಯಿತು. ಎರಡು ತಿಂಗಳಲ್ಲಿ ಅವಳ ಬಳೆಗಳು ಮೊಣಕೈಗೆ ಜಾರಿದವು. ರೈತ ವೈದ್ಯನ ಬಳಿಗೆ ಓಡಿದ.

ವೈದ್ಯ ಹೇಳಿದ: "ಭಂಗಿ ಎಲೆಯ ಪುಡಿ ಕೊಟ್ಟರೆ ಹಸಿವು ಹುಟ್ಟುತ್ತದೆ. ನನ್ನಲ್ಲಿದ್ದದ್ದು ಮುಗಿದಿದೆ. ಮೂರು ಸಸಿಗಳಿವೆ. ಅವು ಬೆಳೆಯಲು ಮೂರು ತಿಂಗಳು ಬೇಕು. ನಾನು ಊರೂರು ತಿರುಗುವವನು, ನೋಡಿಕೊಳ್ಳಲು ಒಂದು ಕೈ ಬೇಕು."

ಆ ಗಿಡ ಬೆಳೆಸಲು ವೈದ್ಯನಿಗೆ ದೊರೆಯ ಅಪ್ಪಣೆ ಇತ್ತು. ಆದರೆ ಹೊರಗೆ ಬೆಳೆಸಿದರೆ ಮೇಕೆಗಳೂ ಬಿಡುವುದಿಲ್ಲ, ಮನುಷ್ಯರೂ ಬಿಡುವುದಿಲ್ಲ. ಆದ್ದರಿಂದ ಮೂರು ಮಣ್ಣಿನ ಕುಂಡಗಳನ್ನು ಒಳಕೋಣೆಯಲ್ಲಿ, ಮಾಳಿಗೆಯ ಬೆಳಕಿಂಡಿಯ ಕೆಳಗೆ ಇಟ್ಟಿದ್ದ.

"ಮಣ್ಣಿಗೆ ಹಳೆಯ ಗೊಬ್ಬರ ಬೆರೆಸಿದ್ದೇನೆ" ಎಂದು ವೈದ್ಯ ಹೇಳಿದ. "ಮೊದಲ ತಿಂಗಳು ಬರಿ ನೀರು. ಅದೂ ಬೆರಳು ಇಳಿಸಿ ನೋಡಿ, ಎರಡು ಗೆಣ್ಣು ಒಣಗಿದ್ದರೆ ಮಾತ್ರ. ಆಮೇಲೆ ಹದಿನೈದು ದಿನಕ್ಕೊಮ್ಮೆ ಒಂದು ಬೊಗಸೆ ಗೊಬ್ಬರದ ತಿಳಿ. ತಿಳಿಯ ಬಣ್ಣ ಒಣಹುಲ್ಲಿಗಿಂತ ಗಾಢವಾಗಬಾರದು."

ರೈತ ನಕ್ಕ. "ಸ್ವಾಮಿ, ನೀವು ನಾಡಿ ಹಿಡಿಯುವವರು. ಗೊಬ್ಬರದ ಮಾತು ನನಗೆ ಬಿಡಿ."

ವೈದ್ಯ ಊರು ಬಿಟ್ಟ ದಿನವೇ ರೈತ ಕುಂಡಗಳಿಗೆ ಕುರಿಗೊಬ್ಬರ ಹಾಕಿದ. ವಾರದ ಮೇಲೆ ಶೇಂಗಾ ಹಿಂಡಿ ನೆನೆಸಿ ಕೊಳೆಸಿದ ನೀರು ಹಾಕಿದ. ಮತ್ತೊಂದು ವಾರಕ್ಕೆ ಕೋಳಿ ಹಿಕ್ಕೆ ಹಾಕಿದ. ಗಿಡಗಳು ಸರಸರನೆ ಎದ್ದವು. ಎಲೆಗಳು ಕಪ್ಪಿಗೆ ತಿರುಗುವಷ್ಟು ಹಸಿರಾದವು.

ಇಲ್ಲಿ ನಾನು ಬಾಯಿ ಹಾಕಿದೆ. "ನೋಡಿದಿರಾ ಗುರುಗಳೇ! ನಮ್ಮ ಹಳ್ಳಿಯವರ ಕೈಯೇ ಅಂಥದ್ದು."

ಗುರುಗಳು ನನ್ನನ್ನು ನೋಡಲಿಲ್ಲ. ಮುಂದುವರಿಸಿದರು.

ಎರಡನೆಯ ತಿಂಗಳು ಎಲೆಗಳ ತುದಿ ಕಂದಿತು. ಬೆಂಕಿಗೆ ಹಿಡಿದು ತೆಗೆದಂತಿತ್ತು. ಎಲೆಗಳು ಹದ್ದಿನ ಉಗುರಿನಂತೆ ಕೆಳಕ್ಕೆ ಬಾಗಿದವು. ರೈತ ಅದನ್ನು ನೋಡಿ, "ಅಯ್ಯೋ, ಹೊಟ್ಟೆಗೆ ಸಾಲದೆ ಬಾಡುತ್ತಿದೆ" ಎಂದ. ಗೊಬ್ಬರವನ್ನು ಎರಡರಷ್ಟು ಮಾಡಿದ. ಕುಂಡದ ಬಾಯಿಯ ಸುತ್ತ ಬಿಳಿಯ ಪೊರೆ ಕಟ್ಟಿತು. ಅದನ್ನು ಅವನು ಕಡ್ಡಿಯಿಂದ ಕೆರೆದು ಹಾಕಿದ.

ಮೂರನೆಯ ತಿಂಗಳು ವೈದ್ಯ ಮರಳಿ ಬಂದ. ಅದೇ ಬೆಳಿಗ್ಗೆ ಎರಡು ಗಿಡಗಳು ಬಗ್ಗಿ ಬಿದ್ದಿದ್ದವು. ವೈದ್ಯ ಒಂದು ಕುಂಡವನ್ನು ಬೋರಲು ಹಾಕಿದ. ಮಣ್ಣು ಇಟ್ಟಿಗೆಯಂತೆ ಇಡಿಯಾಗಿ ಕಳಚಿತು. ಒಡೆದರೆ ಒಳಗೆ ಬೇರೆಂಬುದೇ ಇರಲಿಲ್ಲ. ಕಂದುಬಣ್ಣದ ನಾಲ್ಕು ಎಳೆ, ಮೂಗು ಮುಚ್ಚಿಕೊಳ್ಳುವಂಥ ನಾತ, ಅಷ್ಟೆ.

"ಇದು ಸತ್ತು ಎಂಟು ದಿನವಾಯಿತು" ಎಂದ ವೈದ್ಯ.

ರೈತ ಒಡೆದ ಮಣ್ಣನ್ನು ಕೆದಕಿದ. "ನಿನ್ನೆ ತನಕ ಹಸಿರಾಗಿ ನಿಂತಿತ್ತಲ್ಲ ಸ್ವಾಮಿ! ನಾನೇ ಕಣ್ಣಾರೆ ನೋಡಿದ್ದೇನೆ!"

"ಬೇರು ಸತ್ತ ಸುದ್ದಿ ಎಲೆಗೆ ಮುಟ್ಟಲು ಎಂಟು ದಿನ ಬೇಕು."

 ತನ್ನ ಹೊಲದಲ್ಲಿ ಇದರ ಹತ್ತರಷ್ಟು ಹಾಕಿದರೂ ಒಂದು ಎಲೆ ಸುಟ್ಟಿಲ್ಲವಲ್ಲ ಎಂದು ರೈತ ಕೇಳಿದ. ವೈದ್ಯ ಹೇಳಿದ: "ಹೊಲದಲ್ಲಿ ಹೆಚ್ಚಾದದ್ದನ್ನು ಮಳೆ ತೊಳೆದು ಒಯ್ಯುತ್ತದೆ. ಬೇಡವಾದರೆ ಬೇರು ಬೇರೆ ದಿಕ್ಕಿಗೆ ಹೋಗುತ್ತದೆ. ಕುಂಡದಲ್ಲಿರುವ ಬೇರು ಎಲ್ಲಿಗೆ ಹೋಗಬೇಕು?"

ಮೂರನೆಯ ಗಿಡದಲ್ಲಿ ಇನ್ನೂ ಜೀವವಿತ್ತು. ವೈದ್ಯ ಅದರ ಮೇಲೆ ಕೊಡಗಟ್ಟಲೆ ಬರಿ ನೀರು ಸುರಿಸಿದ. ಕುಂಡದ ತೂತಿನಿಂದ ಕಪ್ಪು ನೀರು ಹರಿಯಿತು. ಆಮೇಲೆ ಬೆಲ್ಲದ ಬಣ್ಣದ ನೀರು. ತಿಳಿಯಾಗಲು ಮಧ್ಯಾಹ್ನವಾಯಿತು. "ಇಷ್ಟೂ ನಾನು ಹಾಕಿದ್ದೇ?" ಎಂದು ರೈತ ಮತ್ತೆ ಮತ್ತೆ ಕೇಳುತ್ತಿದ್ದ.

ಆ ಒಂದು ಗಿಡದಿಂದ ಎಲೆ ಸಿಗಲು ಇನ್ನೂ ದಿನ ಬೇಕಿತ್ತು. ಅಲ್ಲಿಯ ತನಕ ರೋಗಿ ಉಳಿಯುತ್ತಾಳೆಯೇ ನೋಡೋಣವೆಂದು ವೈದ್ಯ ರೈತನ ಮನೆಗೆ ಹೋದ.

ಅವಳು ಗೋಡೆಗೆ ಒರಗಿದ್ದಳು. ಪಕ್ಕದಲ್ಲಿ ಹಾಲು, ತುಪ್ಪ ಕಲಸಿದ ಅನ್ನ, ಮಾಂಸದ ಸಾರು, ಹುಗ್ಗಿ ಸಾಲಾಗಿದ್ದವು. ದಿನಕ್ಕೆ ಎಷ್ಟು ಸಲ ಕೊಡುತ್ತೀ ಎಂದು ವೈದ್ಯ ಕೇಳಿದ.

"ಆರು ಸಲ" ಎಂದ ರೈತ. "ಕಕ್ಕಿದರೆ ಏಳನೆಯ ಸಲ. ನನ್ನ ಮನೆಯಲ್ಲಿ ಯಾವುದಕ್ಕೂ ಕಡಿಮೆಯಿಲ್ಲ ಸ್ವಾಮಿ. ನನ್ನ ಕೈಯಾರೆ ಉಣ್ಣಿಸುತ್ತೇನೆ."

ವೈದ್ಯ ಅವಳತ್ತ ಬಾಗಿ, "ನಿನಗೆ ಹೇಗಿದೆ ತಾಯಿ?" ಎಂದ.

ಅವಳು ಹೇಳಲು ಬಾಯಿ ತೆರೆದಳು. ರೈತ ಆ ಬಾಯಿಗೆ ಒಂದು ತುತ್ತು ಇಟ್ಟ.

 ವೈದ್ಯ ಸಾವಿರ ರೋಗಿಗಳನ್ನು ನೋಡಿದ್ದ. ಅಂಥದ್ದನ್ನು ನೋಡಿರಲಿಲ್ಲ. ಬಗ್ಗಿ, ಪಾತ್ರೆಗಳನ್ನು ಒಂದೊಂದಾಗಿ ತಾನೇ ಹೊರಗೆ ಇಟ್ಟ. "ಮೂರು ದಿನ ಗಂಜಿಯ ತಿಳಿ. ಅದನ್ನೂ ನೆರೆಮನೆಯವಳು ಕೊಡಲಿ. ನೀನು ಹೊಸ್ತಿಲು ದಾಟಬೇಡ" ಎಂದ.

"ಸತ್ತುಹೋಗುತ್ತಾಳೆ ಸ್ವಾಮಿ!" ಎಂದು ರೈತ ಕೂಗಿದ. ವೈದ್ಯ ಬಾಗಿಲಲ್ಲೇ ಕುಳಿತ.

ಮೊದಲ ದಿನ ಅವಳು ನಿದ್ದೆ ಮಾಡಿದಳು. ಎರಡನೆಯ ದಿನ ವಾಂತಿಯಾಗಲಿಲ್ಲ. ಮೂರನೆಯ ದಿನ ಒಳಗಿನಿಂದ ಸಣ್ಣ ದನಿ ಬಂತು. "ಹಸಿವಾಗ್ತಿದೆ."

ಜಗಲಿಯ ಮೇಲಿದ್ದ ರೈತ ಸಿಡಿಲು ಬಡಿದವನಂತೆ ಎದ್ದು ನಿಂತ. ಐದು ತಿಂಗಳಲ್ಲಿ ಆ ಮಾತನ್ನು ಅವಳ ಬಾಯಿಂದ ಅವನು ಒಮ್ಮೆಯೂ ಕೇಳಿರಲಿಲ್ಲ. ಅವಳು ಅದನ್ನು ಹೇಳುವಷ್ಟು ಹೊತ್ತು ಅವನು ಸುಮ್ಮನೆ ಕುಳಿತಿರಲಿಲ್ಲ. ಒಳಗೆ ಹೋಗಲು ಕಾಲು ಎತ್ತಿದ, ಮತ್ತೆ ಇಳಿಸಿದ. ಅವಳು ಇನ್ನೊಮ್ಮೆ ಕರೆಯಲಿ ಎಂದು ಕಾದ.

ಗುರುಗಳು ಕತೆ ನಿಲ್ಲಿಸಿದರು.

ನನಗೆ ಮೈಯೆಲ್ಲ ಉರಿಯಿತು. "ಇದನ್ನು ನಾನು ನಂಬುವುದಿಲ್ಲ ಗುರುಗಳೇ! ಅಷ್ಟು ಪ್ರೀತಿಯಿಂದ ಉಣ್ಣಿಸಿದವನ ಕೈಯೇ ಕೊಲ್ಲುವ ಕೈಯಾಗುತ್ತದೆಯೇ?"

ಗುರುಗಳು ಕೇಳಿದರು: "ಆ ಹಳ್ಳಿಯಲ್ಲಿ ಇಷ್ಟು ದಿನಕ್ಕೆ ಯಾರಾದರೂ ನಿನ್ನನ್ನು ಒಂದು ಪ್ರಶ್ನೆ ಕೇಳಿದರೇ?"

ನಾನು ಬಾಯಿ ತೆರೆದೆ. ಒಂದು ಮುಖ ನೆನಪಾದೀತೆಂದು ಹುಡುಕಿದೆ. ಬಾಯಿ ಮುಚ್ಚಿದೆ. ಈ ಗಂಟಲಿಗೆ ಅಂಥದ್ದು ಆದದ್ದು ಅದೇ ಮೊದಲು.

ಮರುದಿನದಿಂದ ಗುರುಗಳು ನನಗೆ ಆ ಹಳ್ಳಿಯ ಬಾವಿಯಿಂದ ನೀರು ಸೇದುವ ಕೆಲಸ ಕೊಟ್ಟು, "ಅವರಾಗಿ ಏನಾದರೂ ಕೇಳುವ ತನಕ ಬರಿ ನೀರು" ಎಂದರು.